ಧನ್ಯವಾದ ಹೇಳಬೇಕಿಲ್ಲದ ಅತಿಥಿ

ಆತಿಥ್ಯವೆಂಬುದು ದೊಡ್ಡ ಮನಸ್ಸಿನವರು ತೋರುವ ಉಪಕಾರವಲ್ಲ, ಮನುಷ್ಯನಾಗಿ ಹುಟ್ಟಿದವನಿಗೆ ಈ ಭೂಮಿಯ ಮೇಲಿರುವ ಹಕ್ಕು ಎಂಬ ವಿಚಾರ ಜರ್ಮನ್ ತತ್ತ್ವಶಾಸ್ತ್ರದಲ್ಲಿ ಎಲ್ಲಿ ಹುಟ್ಟಿತು, ಯಾವ ಭಯದಿಂದ ಹುಟ್ಟಿತು, ಹುಟ್ಟಿದ ಮೇಲೆ ಯಾರ ಯಾರ ಕೈಗೆ ಸಿಕ್ಕಿ ಏನೇನಾಯಿತು ಎಂಬುದನ್ನು ಪ್ರೊ. ರೋಸ್ವಿಥಾ ಕಾಲ್‌ವೈಟ್ ಅವರಷ್ಟು ಆಳವಾಗಿ, ಅವರಷ್ಟು ಹಟದಿಂದ ಶೋಧಿಸಿದವರು ನಮ್ಮ ತಲೆಮಾರಿನಲ್ಲಿ ಇನ್ನೊಬ್ಬರಿಲ್ಲ. ಬಾಲ್ಟಿಕ್ ಕಡಲಂಚಿನ ನಮ್ಮ ಪುಟ್ಟ ಊರಿನ ವಿಶ್ವವಿದ್ಯಾಲಯದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿದ ಅವರು ಈ ವಸಂತದಲ್ಲಿ ನಿವೃತ್ತರಾದರು. ಅವರ ವಿದ್ವತ್ತಿನ ಬೆಲೆ ಕಟ್ಟುವ ಕೆಲಸವನ್ನು ಈ ಅಭಿನಂದನ ಸಂಪುಟದಲ್ಲಿ ನನಗಿಂತ ಯೋಗ್ಯರು ಮಾಡಿದ್ದಾರೆ. ಬಹುಕಾಲ ಅವರ ಸಹಾಯಕನಾಗಿ, ಆಮೇಲೆ ಪಕ್ಕದ ಕೋಣೆಯ ಸಹೋದ್ಯೋಗಿಯಾಗಿ ಇದ್ದ ನನ್ನಿಂದ ಸಂಪಾದಕರು ಬಯಸಿದ್ದು ನೆನಪುಗಳನ್ನು. ಈ ಹಕ್ಕನ್ನು ಎರಡು ಶತಮಾನಗಳ ಹಿಂದೆ ಬರೆದಿಟ್ಟ ಕೋನಿಗ್ಸ್‌ಬರ್ಗ್ ನಗರದ ವೃದ್ಧ ತತ್ತ್ವಜ್ಞಾನಿಯ ಹೆಸರು ಉಳಿದ ಲೇಖನಗಳಲ್ಲಿ ಪುಟಪುಟಕ್ಕೂ ಬರುವುದರಿಂದ ನಾನು ಅದನ್ನು ಮತ್ತೆ ಬರೆದು ಶಾಯಿ ವ್ಯರ್ಥ ಮಾಡುವುದಿಲ್ಲ.

ಆದರೂ ಕಾಲ್‌ವೈಟ್ ಅವರ ಮುಖ್ಯ ಪ್ರತಿಪಾದನೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಾನು ಬರೆಯಬೇಕೆಂದಿರುವ ದುಃಖದ ಸಂಗತಿಯ ಬೇರು ಅಲ್ಲೇ ಇದೆ. ವಿಶ್ವನಾಗರಿಕನ ಹಕ್ಕನ್ನು ಆ ವೃದ್ಧರು ಬಹಳ ಕಿರಿದು ಮಾಡಿಟ್ಟರು. ಪರನಾಡಿಗೆ ಹೋದವನನ್ನು ಶತ್ರುವಿನಂತೆ ಕಾಣಬಾರದು. ಆದರೆ ಅವನಿಗಿರುವುದು ಬಂದು ನಿಲ್ಲುವ, ಮಾತಾಡಿಸುವ, ಪರಿಚಯ ಕೇಳುವ ಹಕ್ಕು ಮಾತ್ರ, ಮನೆ ಮಾಡಿಕೊಂಡು ಉಳಿಯುವ ಹಕ್ಕಲ್ಲ. ಅವನ ಪ್ರಾಣಕ್ಕೆ ಸಂಚಕಾರ ಬರದಿದ್ದರೆ ಅವನನ್ನು ವಾಪಸು ಕಳಿಸಲೂಬಹುದು. ಇಷ್ಟು ಜಿಪುಣತನ ಏಕೆ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಮುಖ ಸಿಂಡರಿಸುತ್ತಿದ್ದರು. ಆ ಜಿಪುಣತನ ಬಡವನಿಗಾಗಿ ಇಟ್ಟದ್ದಲ್ಲ ಎಂದು ಆಧಾರ ಸಮೇತ ತೋರಿಸಿದವರು ಕಾಲ್‌ವೈಟ್. ಯುರೋಪಿನ ಹಡಗುಗಳು 'ನಾವು ಅತಿಥಿಗಳು' ಎಂದುಕೊಂಡೇ ಪರರ ದಡಕ್ಕಿಳಿದು, ಕೋಟೆ ಕಟ್ಟಿ, ಊರಿನವರನ್ನೇ ಆಳುಗಳನ್ನಾಗಿ ಮಾಡಿಕೊಂಡ ಕಾಲವದು. ಆತಿಥ್ಯ ನಿರಾಕರಿಸಿದರೆಂಬ ನೆವದಲ್ಲಿ ಯುದ್ಧ ಹೂಡುವುದು ನ್ಯಾಯವೆಂದು ಹಿಂದಿನ ಶತಮಾನಗಳ ಪಂಡಿತರು ಬರೆದುಕೊಟ್ಟಿದ್ದರು. ಅಂಥ ಅತಿಥಿಗಳಿಂದ ಮನೆಯವರನ್ನು ಕಾಪಾಡಲು ವೃದ್ಧರು ಬಾಗಿಲಿಗೊಂದು ಅಗುಳಿ ಹಾಕಿದರು. ಬಂದೂಕು ಹಿಡಿದು ಬಂದವನಿಗೆ ಹಾಕಿದ ಆ ಅಗುಳಿಯನ್ನು ಎರಡು ಶತಮಾನಗಳ ನಂತರ ಬರಿಗೈಯಲ್ಲಿ ಬಂದವನ ಮುಖಕ್ಕೆ ಹಾಕಿಕೊಂಡು, ಅದಕ್ಕೆ ತತ್ತ್ವಶಾಸ್ತ್ರದ ಒಪ್ಪಿಗೆಯಿದೆ ಎನ್ನುತ್ತಿದ್ದೇವೆ ಎಂಬುದು ಕಾಲ್‌ವೈಟ್ ಅವರ ಆರೋಪ. ಇದಕ್ಕೆ ಯಾರೂ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ಅವರಿಗೆ ಈ ವಿಷಯ ಪುಸ್ತಕಗಳಿಂದ ಬಂದದ್ದಲ್ಲ. ತಾಯಿ ಎರ್ನಾ ಕಾಲ್‌ವೈಟ್ ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ರಷ್ಯದ ಸೇನೆ ನುಗ್ಗುತ್ತಿದ್ದ ಪೂರ್ವ ಪ್ರಶ್ಯದಿಂದ ಓಡಿಬಂದವರು. ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಗಾಡಿಗಳ ಸಾಲಿನಲ್ಲಿ ನಡೆದುಬಂದ ಆಕೆಗೂ ಆಕೆಯ ತಂಗಿಗೂ ಅಧಿಕಾರಿಗಳು ಒಬ್ಬ ರೈತನ ದನದ ಕೊಟ್ಟಿಗೆಯ ಮೇಲಿನ ಕೋಣೆಯನ್ನು ಕೊಡಿಸಿದರು. ರೈತನಿಗೆ ಇಷ್ಟವಿರಲಿಲ್ಲ, ಆದರೆ ಆಜ್ಞೆ ಆಜ್ಞೆಯೇ. ಆ ಕಾಲದ ಬಗ್ಗೆ ತಾಯಿ ಹೇಳುತ್ತಿದ್ದ ಮಾತನ್ನು ಕಾಲ್‌ವೈಟ್ ಒಮ್ಮೆ ನಮಗೆ ತಾಯಿಯ ದನಿಯಲ್ಲೇ ಹೇಳಿ ತೋರಿಸಿದ್ದರು: "ಹಾಲಿಗೆ ಅಂತ ಹೋದಾಗೆಲ್ಲ ತಲೆ ಬಗ್ಗಿಸಿ ಹಲ್ಲು ಕಿರೀಬೇಕಿತ್ತು ಕಣೇ. ನಿಮ್ಮ ಉಪಕಾರ ಮರೆಯಲ್ಲ ಧಣಿ, ನಿಮ್ಮ ಉಪಕಾರ ಮರೆಯಲ್ಲ ಧಣಿ, ಅಂತ. ಮೇಲಿನ ಕೋಣೆಗೆ ಮಾತ್ರ ಯಾರಿಗೂ ಏನೂ ಹೇಳ್ಬೇಕಿರ್ಲಿಲ್ಲ. ಅದು ಸರ್ಕಾರ ಕೊಟ್ಟಿದ್ದು. ನಂಗೆ ನಿದ್ದೆ ಬರ್ತಿದ್ದಿದ್ದು ಆ ಕೋಣೆ ದೆಸೆಯಿಂದ, ಆ ಹಾಲಿಂದ ಅಲ್ಲ."

ಗುರುವಾರದ ಸಂಜೆಗಳಲ್ಲಿ ಸಂಶೋಧನ ವಿದ್ಯಾರ್ಥಿಗಳೆಲ್ಲ ಕಾಲ್‌ವೈಟ್ ಅವರ ಮನೆಯಲ್ಲಿ ಸೇರುತ್ತಿದ್ದೆವು. ಆಲೂಗಡ್ಡೆಯ ಸೂಪು, ಕಂದು ಬ್ರೆಡ್ಡು, ಉಪ್ಪಿನಲ್ಲಿಟ್ಟ ಸೌತೆಕಾಯಿ. ಅದರಾಚೆಗೆ ಅವರ ಪಾಕಶಾಸ್ತ್ರ ಹೋಗಿದ್ದನ್ನು ನಾನು ಕಾಣೆ. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಊಟ ಮುಗಿದ ಮೇಲೆ ಯಾರೂ ಧನ್ಯವಾದ ಹೇಳಕೂಡದು. ಬಾಯಿತಪ್ಪಿ ಹೇಳಿದವನು ಪಾತ್ರೆ ತೊಳೆಯಬೇಕು. ಹೊಸಬರು ಅಭ್ಯಾಸಬಲದಿಂದ ಹೇಳಿಬಿಡುತ್ತಿದ್ದರು, ನಾವೆಲ್ಲ ನಕ್ಕು ಅವರ ಕೈಗೆ ಬಟ್ಟೆ ಕೊಡುತ್ತಿದ್ದೆವು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡಿರಬಹುದು, ನಮಗೆ ಅದು ತಮಾಷೆಯಾಗಿತ್ತು. ಅವರಿಗೆ ಎಂದೂ ತಮಾಷೆಯಾಗಿರಲಿಲ್ಲ ಎಂಬುದು ಬಹಳ ತಡವಾಗಿ ತಿಳಿಯಿತು.

ಅವರು ಕಠಿಣ ಸ್ವಭಾವದವರು ಎಂಬ ಮಾತು ಊರೆಲ್ಲ ಇತ್ತು, ಅದು ಸುಳ್ಳೂ ಅಲ್ಲ. ನನ್ನ ಪ್ರಬಂಧದ ಮೊದಲ ಕರಡನ್ನು ವಾಪಸು ಕೊಡುತ್ತ, "ಪಾಪ್ಕೆ ಅವರೇ, ಇದರಲ್ಲಿ ಒಳ್ಳೇದೂ ಇದೆ, ಹೊಸದೂ ಇದೆ. ಒಳ್ಳೇದು ಹೊಸದಲ್ಲ, ಹೊಸದು ಒಳ್ಳೇದಲ್ಲ," ಎಂದವರು ಅವರು. ಅದೇ ವರ್ಷ ನನ್ನ ತಂದೆ ತೀರಿಕೊಂಡಾಗ ನನಗೆ ತಿಳಿಸದೆಯೇ ನನ್ನ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡು, ನಾನು ಮರಳಿ ಬಂದ ದಿನ ಏನೂ ಆಗಿಲ್ಲವೆಂಬಂತೆ ಮುಂದಿನ ಪಾಠದ ಪುಟ ತೋರಿಸಿದವರೂ ಅವರೇ. ಬಾಡಿಗೆ ಮನೆ ಸಿಗದೆ ಪರದಾಡುತ್ತಿದ್ದ ಬಲ್ಗೇರಿಯದ ವಿದ್ಯಾರ್ಥಿನಿಯೊಬ್ಬಳನ್ನು ಒಂದು ಚಳಿಗಾಲ ಪೂರ್ತಿ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡರು. ಆಕೆ ಹೂಗುಚ್ಛ ತಂದಾಗ ಸಿಡಿಮಿಡಿಗೊಂಡು ಅದನ್ನು ನೆರೆಮನೆಗೆ ಕೊಟ್ಟುಬಂದರು. ಶಿಫಾರಸು ಪತ್ರಗಳ ವಿಷಯದಲ್ಲಂತೂ ಅವರ ಬಿಗಿ ಕುಖ್ಯಾತವಾಗಿತ್ತು. ಹೊಗಳಿಕೆಯನ್ನು ಅವರು ಲಂಚದಂತೆ ಕಾಣುತ್ತಿದ್ದರು. 'ಈ ಅಭ್ಯರ್ಥಿಯ ಕೆಲಸ ನಿರ್ದುಷ್ಟವಾಗಿದೆ' ಎಂದು ಅವರು ಬರೆದರೆ ಅವನ ಬದುಕು ಹಸನಾಯಿತು ಎಂದೇ ನಾವು ತಿಳಿಯುತ್ತಿದ್ದೆವು.

ಹಶ್ಮತ್ ನಮ್ಮಲ್ಲಿಗೆ ಬಂದದ್ದು ದೇಶಕ್ಕೆ ದೇಶವೇ ರೈಲುನಿಲ್ದಾಣಗಳಲ್ಲಿ ನಿರಾಶ್ರಿತರಿಗೆ ನೀರು, ಬೊಂಬೆ, ಬೆಚ್ಚನೆಯ ಕೋಟು ಹಂಚುತ್ತಿದ್ದ ಆ ಶರತ್ಕಾಲದ ಮರುವರ್ಷ. ಬಂದವರನ್ನು ಕಂಡರೆ ಊರಿನವರು ದಾರಿ ಬದಲಿಸುವುದು ಅಷ್ಟರಲ್ಲಾಗಲೇ ಶುರುವಾಗಿತ್ತು. ಅಫ್ಘಾನಿಸ್ತಾನದ ಘಜ್ನಿಯ ಕಡೆಯವನು, ಇಪ್ಪತ್ತೆರಡರ ಆಸುಪಾಸು, ಶಾಲೆಯ ಉಪಾಧ್ಯಾಯರ ಮಗ. ಆ ತಂದೆಯನ್ನು ಹುಡುಗಿಯರಿಗೆ ಪಾಠ ಹೇಳಿದ ತಪ್ಪಿಗೆ ಕೊಂದಿದ್ದರು. ನಮ್ಮಲ್ಲಿ ಪದವಿಗೆ ಸೇರದೆ ಸುಮ್ಮನೆ ಪಾಠ ಕೇಳಲು ಬರುವವರನ್ನು ಅತಿಥಿ ಕೇಳುಗರು ಎಂದು ದಾಖಲಿಸಿಕೊಳ್ಳುವ ಪದ್ಧತಿಯಿದೆ. ಸಾಮಾನ್ಯವಾಗಿ ನಿವೃತ್ತರು ಹೊತ್ತು ಕಳೆಯಲು ಬರುತ್ತಾರೆ. ಆ ಮುದುಕರ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವನು ಕೂರುತ್ತಿದ್ದ. ಬೆಳಗಿನ ಜಾವದಿಂದ ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದವನು, ಆದ್ದರಿಂದ ಮಧ್ಯಾಹ್ನದ ಪಾಠಕ್ಕೆ ಬಂದರೆ ಅವನ ಹುಬ್ಬಿನಲ್ಲಿ ಹಿಟ್ಟು ಇರುತ್ತಿತ್ತು. ಮೊದಲ ಗುರುವಾರ ಸೂಪು ಕುಡಿದು ಧನ್ಯವಾದ ಹೇಳಿ ಸಿಕ್ಕಿಬಿದ್ದ. ಕಟ್ಟಳೆಯನ್ನು ವಿವರಿಸಿದಾಗ ತೋಳು ಮಡಚುತ್ತ, "ಸರಿ ಪ್ರೊಫೆಸರಮ್ಮಾ, ಪಾತ್ರೆ ತೊಳೀತೀನಿ. ಆದ್ರೆ ನಮ್ಮೂರಲ್ಲಿ ಅತಿಥಿ ಕೈಲಿ ಪಾತ್ರೆ ತೊಳೆಸಿದ್ರೆ ಮನೆಯೋರು ಊರು ಬಿಡ್ಬೇಕಾಗುತ್ತೆ," ಎಂದ. ಕಾಲ್‌ವೈಟ್ ಬಿದ್ದು ಬಿದ್ದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ವರ್ಷದ ವಿಚಾರಗೋಷ್ಠಿಯ ವಿಷಯ ವಿಶ್ವನಾಗರಿಕ ಹಕ್ಕಿನ ಹುಟ್ಟು. ಪ್ರಾಣಕ್ಕೆ ಸಂಚಕಾರವಿಲ್ಲದಿದ್ದರೆ ಪರಕೀಯನನ್ನು ವಾಪಸು ಕಳಿಸಬಹುದೆಂಬ ಷರತ್ತು ಬಂದಾಗ ನಮ್ಮ ವಿದ್ಯಾರ್ಥಿಗಳು ಎಂದಿನಂತೆ ವಾದಕ್ಕಿಳಿದರು. ಹಶ್ಮತ್ ಕೈಯೆತ್ತಿದ.

"ಒಂದು ಅನುಮಾನ. ಪ್ರಾಣಕ್ಕೆ ಅಪಾಯ ಇದ್ಯೋ ಇಲ್ವೋ ಅಂತ ಹೇಳೋರು ಯಾರು? ಬಾಗಿಲ ಒಳಗಿರೋರಾ, ಹೊರಗಿರೋರಾ?"

"ಒಳಗಿರೋರು," ಎಂದರು ಕಾಲ್‌ವೈಟ್.

"ಹಾಗಾದ್ರೆ ಹೊರಗಿರೋನು ಸತ್ತ ಮೇಲೆ ತಾನೇ ಅವರಿಗೆ ಗೊತ್ತಾಗೋದು?"

ಕಾಲ್‌ವೈಟ್ ಕನ್ನಡಕ ತೆಗೆದು ಒರೆಸಿಕೊಂಡು, ಇದು ಆ ವೃದ್ಧರ ಗ್ರಂಥದ ಮೇಲೆ ತಾವು ಕೇಳಿದ ಅತ್ಯುತ್ತಮ ಆಕ್ಷೇಪವೆಂದು ಹೇಳಿ, ಮುಂದಿನ ವಾರದ ಪಾಠವನ್ನು ಬದಿಗಿಟ್ಟು ಆ ಒಂದು ಪ್ರಶ್ನೆಗೇ ಎರಡು ತರಗತಿ ಕೊಟ್ಟರು.

ಅವನ ಆಶ್ರಯದ ಅರ್ಜಿ ತಿರಸ್ಕೃತವಾಯಿತು. ನ್ಯಾಯಾಲಯವೂ ಕೈಬಿಟ್ಟಿತು: ಘಜ್ನಿಯಲ್ಲಿ ಅಪಾಯವಿದ್ದರೆ ಕಾಬೂಲಿನಲ್ಲಿ ಬದುಕಬಹುದು, ಗಟ್ಟಿಮುಟ್ಟಾದ ಒಂಟಿ ಗಂಡಸು. ಉಳಿದಿದ್ದದ್ದು ಒಂದೇ ದಾರಿ. ಕಾನೂನಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ, ಮಾನವೀಯ ಕಾರಣಕ್ಕಾಗಿ ಇವನನ್ನು ಇರಗೊಡಿ ಎಂದು ಸರ್ಕಾರವನ್ನು ಕೇಳಿಕೊಳ್ಳಬಲ್ಲ ಒಂದು ಸಮಿತಿಯಿದೆ. ಪಾದ್ರಿಗಳು, ವೈದ್ಯರು, ನಿವೃತ್ತ ಅಧಿಕಾರಿಗಳು ಅದರಲ್ಲಿ ಕೂರುತ್ತಾರೆ. ಅವರ ಮುಂದೆ ಹಕ್ಕಿನ ಪ್ರಶ್ನೆಯೇ ಇಲ್ಲ. ಇವನು ಒಳ್ಳೆಯವನೇ, ದುಡಿಯುತ್ತಾನೆಯೇ, ಊರಿಗೆ ಒಗ್ಗಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ. ಬೇಕರಿಯ ಯಜಮಾನ ಬರೆದುಕೊಟ್ಟ, ಫುಟ್‌ಬಾಲ್ ಸಂಘದವರು ಬರೆದುಕೊಟ್ಟರು, ಅವನು ಹಿಮ ಗೋರಿಕೊಡುತ್ತಿದ್ದ ಪಕ್ಕದ ಮನೆಯ ಮುದುಕಿ ನಡುಗುವ ಕೈಯಲ್ಲಿ ಬರೆದುಕೊಟ್ಟಳು. ಎಲ್ಲರೂ ಕಾದಿದ್ದು ಪ್ರೊಫೆಸರರ ಮಾತಿಗೆ. ನಮ್ಮ ಜನ ವಿದ್ವಾಂಸರ ಪುಸ್ತಕ ಓದುವುದಿಲ್ಲ, ಆದರೆ ಸಹಿಗೆ ಮಾತ್ರ ತಲೆಬಾಗುತ್ತಾರೆ.

ಕಾಲ್‌ವೈಟ್ ನಾಲ್ಕು ಪುಟ ಬರೆದರು. ನಾನು ಓದಿದೆ. ಅದಕ್ಕಿಂತ ಸ್ವಚ್ಛವಾದ ಗದ್ಯವನ್ನು ಅವರು ಬೇರೆಲ್ಲೂ ಬರೆದಿಲ್ಲ. ಆತಿಥ್ಯ ಯಾರ ಗುಣಕ್ಕೂ ಕೊಡುವ ಬಹುಮಾನವಲ್ಲ. ಒಳ್ಳೆಯವನಿಗೆ ಮಾತ್ರ ಸಿಗುವ ಆಶ್ರಯ ಆಶ್ರಯವೇ ಅಲ್ಲ. ಆದ್ದರಿಂದ ಈ ವ್ಯಕ್ತಿಯ ಗುಣಾವಗುಣಗಳ ಬಗ್ಗೆ ತಾವು ಬೇಕೆಂದೇ ಒಂದು ಮಾತೂ ಆಡುವುದಿಲ್ಲ, ಆಡಿದರೆ ಅವನ ಹಕ್ಕಿಗೆ ಅವಮಾನ ಮಾಡಿದಂತೆ.

"ಮೇಡಂ, ಹುಡುಗ ಒಳ್ಳೆಯವನು ಅಂತ ಒಂದೇ ಒಂದು ಸಾಲು ಸೇರಿಸಿ," ಎಂದೆ.

"ಯಾಕೆ? ಕೆಟ್ಟವನಾಗಿದ್ರೆ ಕಳಿಸ್ಬಹುದಿತ್ತಾ?"

"ಈಗ ಅದಲ್ಲ ಪ್ರಶ್ನೆ."

"ಅದೇ ಪ್ರಶ್ನೆ ಪಾಪ್ಕೆ ಅವರೇ. ಇಷ್ಟು ವರ್ಷ ನಾವು ಇಲ್ಲಿ ಮಾಡಿದ್ದು ಬೇರೆ ಏನು? ನಾನು ಈಗ 'ಬನ್ನು ಚೆನ್ನಾಗಿ ಸುಡ್ತಾನೆ, ಇರ್ಲಿ ಬಿಡಿ' ಅಂತ ಬರೆದ್ರೆ, ನಾಳೆ ಬನ್ನು ಸುಡೋಕೆ ಬಾರದೋನು ಬಂದಾಗ ಏನು ಹೇಳ್ಲಿ? ನಮ್ಮಮ್ಮ ಆ ಧಣಿ ಮುಂದೆ ನಿಂತ ಹಾಗೆ ಈ ಹುಡುಗನ್ನ ನಾನು ನಿಲ್ಲಿಸಲ್ಲ."

"ನಿಮ್ಮಮ್ಮ ನಿಂತಿದ್ರು, ಅದಕ್ಕೇ ಹಾಲು ಸಿಕ್ತು," ಎಂದು ನಾನು ಒದರಿಬಿಟ್ಟೆ. ಅವರು ಬಾಗಿಲ ಕಡೆ ಕೈ ತೋರಿಸಿದರು, ನಾನು ಹೊರಬಂದೆ.

ಹಶ್ಮತ್‌ನೂ ಹೋಗಿ ಕೇಳಿದ. ನಾನು ಪಕ್ಕದ ಕೋಣೆಯಲ್ಲಿದ್ದೆ, ನಡುವಿನ ಬಾಗಿಲು ತೆರೆದಿತ್ತು. ಬೇಕರಿಯಿಂದ ಗಸಗಸೆಯ ಬನ್ನುಗಳ ಚೀಲ ತಂದು ಮೇಜಿನ ಮೇಲಿಟ್ಟು, "ಪ್ರೊಫೆಸರಮ್ಮಾ, ಇದನ್ನ ತಿಂದು ನೋಡಿ, ಆಮೇಲೆ ಬರೀರಿ. ಸುಳ್ಳು ಬರೆಯೋದೇ ಬೇಡ," ಎಂದ. ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಅವನಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ಸರಿ. ನಂಗೆ ಅರ್ಥ ಆಗುತ್ತೆ. ನಮ್ಮಪ್ಪನೂ ಹಿಂಗೇ ಮಾತಾಡ್ತಿದ್ರು," ಎಂದ. ಬನ್ನಿನ ಚೀಲವನ್ನು ಅವರತ್ತ ಇನ್ನಷ್ಟು ಸರಿಸಿ, "ಆದ್ರೆ ನಂಗೆ ಭಯ ಆಗ್ತಿದೆ ಪ್ರೊಫೆಸರಮ್ಮಾ. ಹಕ್ಕು ಆಮೇಲೆ ನೋಡೋಣ. ಈಗ ಹೇಗಾದ್ರೂ ಮಾಡಿ ಇರೋಕೆ ಬಿಡ್ಸಿ," ಎಂದ.

"ನಾನು ಬರೆದಿದ್ದು ಅದಕ್ಕೇ. ಸಮಿತೀಲಿ ಇರೋರು ಓದಿದೋರು, ಅರ್ಥ ಮಾಡ್ಕೋತಾರೆ," ಎಂದರು ಅವರು. ಅವರು ಅದನ್ನು ಮನಸಾರೆ ನಂಬಿದ್ದರು. ಆ ನಾಲ್ಕು ಪುಟ ಬಲವಾದ ಆಯುಧವೆಂದೇ, ಉಳಿದವರ ಪತ್ರಗಳೆಲ್ಲ ಕರುಣೆ ಬೇಡುವಾಗ ತಮ್ಮದೊಂದೇ ತಲೆಯೆತ್ತಿ ಮಾತಾಡುತ್ತದೆಂದೇ ತಿಳಿದಿದ್ದರು. ಈ ಮಾತನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ, ಏಕೆಂದರೆ ಆಮೇಲೆ ಊರಿನಲ್ಲಿ ಅವರ ಬಗ್ಗೆ ಬಾಯಿಗೆ ಬಂದಂತೆ ಆಡಿಕೊಂಡವರಿದ್ದಾರೆ.

ಸಮಿತಿ ಕೂಡಿತು. ಒಂದು ಮತ ಕಡಿಮೆ ಬಿತ್ತು. ಸಮಿತಿಯಲ್ಲಿದ್ದ ಪಾದ್ರಿ ಟೀಡೆಮನ್ ಅವರು ಒಳಗಿನ ಮಾತನ್ನು ಹೊರಗೆ ಹೇಳುವಂತಿರಲಿಲ್ಲ, ಆದರೆ ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಒಂದು ಮಧ್ಯಾಹ್ನ ವಿಭಾಗಕ್ಕೆ ಬಂದು ಕೋಟನ್ನೂ ತೆಗೆಯದೆ ಕೂತರು. ಬೇಡವೆಂದವರಲ್ಲಿ ಒಬ್ಬರು ಬಹುಕಾಲ ಹಡಗುಕಟ್ಟೆಯಲ್ಲಿ ಸಿಬ್ಬಂದಿ ನೇಮಕಾತಿ ನೋಡಿಕೊಂಡಿದ್ದ ನಿವೃತ್ತರು, ಕೆಟ್ಟವರಲ್ಲ. ಬೇಕರಿಯವನ ಪತ್ರ, ಮುದುಕಿಯ ಪತ್ರ ಓದಿ ಕಣ್ಣೊರೆಸಿಕೊಂಡಿದ್ದರಂತೆ. ಆಮೇಲೆ ಪ್ರೊಫೆಸರರ ಪತ್ರ ಓದಿದರಂತೆ.

ನಮ್ಮ ದೇಶದಲ್ಲಿ ಕೆಲಸ ಬಿಟ್ಟವನಿಗೆ ಯಜಮಾನ ಪ್ರಮಾಣಪತ್ರ ಬರೆದುಕೊಡಲೇಬೇಕು, ಅದರಲ್ಲಿ ಅವನ ಹೊಟ್ಟೆಯ ಮೇಲೆ ಹೊಡೆಯುವಂಥ ಮಾತು ಬರೆಯುವಂತಿಲ್ಲ. ಹಾಗಾಗಿ ಕೆಟ್ಟದ್ದನ್ನು ಬರೆಯದೆಯೇ ಹೇಳುವ ಕಲೆಯನ್ನು ನಾವು ಬೆಳೆಸಿಕೊಂಡಿದ್ದೇವೆ. ಖಜಾಂಚಿಯ ಪ್ರಮಾಣಪತ್ರದಲ್ಲಿ ಪ್ರಾಮಾಣಿಕ ಎಂಬ ಮಾತು ಕಾಣದಿದ್ದರೆ ಅವನು ಕದ್ದಿದ್ದಾನೆ ಎಂದರ್ಥ. 'ಪ್ರಯತ್ನಪಟ್ಟರು' ಎಂದರೆ ಕೈಲಾಗಲಿಲ್ಲ ಎಂದರ್ಥ. ಏನು ಬರೆದಿದೆ ಎಂಬುದಕ್ಕಿಂತ ಏನು ಬಿಟ್ಟಿದೆ ಎಂಬುದನ್ನು ಓದುವುದರಲ್ಲೇ ಆ ನಿವೃತ್ತರು ಜೀವಮಾನ ಸವೆಸಿದ್ದರು.

"ಅವರು ಏನಂದ್ರು ಗೊತ್ತಾ," ಎಂದರು ಟೀಡೆಮನ್. "'ಪಾಠ ಹೇಳಿದ ಪ್ರೊಫೆಸರ್, ನಾಲ್ಕು ಪುಟ ಬರೀತಾರೆ, ಒಂದು ಒಳ್ಳೇ ಮಾತು ಹೇಳಲ್ಲ. ಹೇಳಲ್ಲ ಅಂತ ಬೇರೆ ಹೇಳ್ತಾರೆ. ಇದಕ್ಕಿಂತ ಬಿಡಿಸಿ ಹೇಳೋಕಾಗುತ್ತಾ? ಬೇಕರಿಯೋನಿಗೆ ಗೊತ್ತಿಲ್ದಿರೋದು ಏನೋ ಅವರಿಗೆ ಗೊತ್ತು.' ನಾನು ಎಷ್ಟು ಬಡ್ಕೊಂಡೆ, ಅದು ತತ್ತ್ವ, ಅದರರ್ಥ ಹಾಗಲ್ಲ ಅಂತ. 'ಪಾದ್ರಿಗಳೇ, ನಾನು ಇಂಥ ಸಾವಿರ ಕಾಗದ ಓದಿದೀನಿ' ಅಂದುಬಿಟ್ರು."

ಕಾಲ್‌ವೈಟ್ ಮೇಜಿನ ಅಂಚು ಹಿಡಿದು ನಿಂತಿದ್ದರು. ಇಡೀ ನಾಡಿನಲ್ಲಿ ಗುಮಾಸ್ತನಿಂದ ಹಿಡಿದು ಅಂಗಡಿಯ ಹುಡುಗಿಯವರೆಗೆ ಎಲ್ಲರಿಗೂ ತಿಳಿದ ಓದಿನ ರೀತಿಯೊಂದು ತಮ್ಮ ಅಕ್ಷರಗಳ ಮೇಲೂ ಬೀಳಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಹಾಗೆ ನೋಡಿದರೆ ನನಗೂ ಹೊಳೆದಿರಲಿಲ್ಲ. ನಾನು ಹೆದರಿದ್ದು ಪತ್ರ ತಣ್ಣಗಿದೆಯೆಂದು ಮಾತ್ರ. ಅವರು ಅದೇ ಸಂಜೆ ಕೂತು ಹೊಗಳಿಕೆಯ ಪತ್ರ ಬರೆದರು, ಮಂತ್ರಿಗಳಿಗೆ, ಸಮಿತಿಗೆ, ಪತ್ರಿಕೆಗೆ. ಹಶ್ಮತ್ ತಾವು ಕಂಡ ಅತ್ಯಂತ ಬುದ್ಧಿವಂತ, ಅತ್ಯಂತ ಸಜ್ಜನ ವಿದ್ಯಾರ್ಥಿ ಎಂದು ಬರೆದರು, ಅದು ನಿಜವೂ ಆಗಿತ್ತು. ಒಮ್ಮೆ ತೀರ್ಮಾನವಾದ ಪ್ರಕರಣ ಮರಳಿ ತೆರೆಯುವುದಿಲ್ಲ ಎಂಬ ವಿನಯದ ಉತ್ತರ ಬಂತು.

ಪೊಲೀಸರು ಬೇಕರಿಗೇ ಬಂದರು. ಒಲೆಯಲ್ಲಿ ಬ್ರೆಡ್ಡು ಇತ್ತು, ಅದನ್ನು ತೆಗೆದಿಟ್ಟು ಬರುತ್ತೇನೆ ಎಂದನಂತೆ, ಅದಕ್ಕೆ ಅವಕಾಶ ಕೊಟ್ಟರಂತೆ. ಕಾಬೂಲಿನಿಂದ ಕೆಲವು ಸಲ ಫೋನು ಮಾಡಿದ. ಹಿಂದಿರುಗಿ ಬಂದವರನ್ನು ಅಲ್ಲಿ ದುಡ್ಡಿರುವವರೆಂದು ದೋಚುತ್ತಾರೆ, ಧರ್ಮ ಬಿಟ್ಟವರೆಂದು ಹೊಡೆಯುತ್ತಾರೆ ಎಂದು ನಗುನಗುತ್ತಲೇ ಹೇಳಿದ. ಕೊನೆಯ ಸಲ ಮಾತಾಡಿದಾಗ ಇರಾನ್ ದಾಟಿ ಟರ್ಕಿಯ ಗಡಿಯ ಹತ್ತಿರವಿದ್ದ, ಮತ್ತೆ ನಮ್ಮ ಕಡೆಗೇ ಹೊರಟಿದ್ದ. "ಪ್ರೊಫೆಸರಮ್ಮಾ, ಈ ಸಲ ಬಂದಾಗ ಬನ್ನಿನ ವಿಷಯ ಮೊದಲೇ ಬರೆದಿಟ್ಟಿರಿ," ಎಂದನಂತೆ. ಆ ಬೆಟ್ಟಗಳಲ್ಲಿ ಹಿಮ ಸುರಿಯುತ್ತಿತ್ತು. ವಸಂತದಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದ ಹೆಣಗಳಲ್ಲಿ ಅವನದೂ ಒಂದು ಎಂದು ಹ್ಯಾಂಬರ್ಗಿನಲ್ಲಿರುವ ಅವನ ಚಿಕ್ಕಪ್ಪನ ಮಗ ವಿಭಾಗಕ್ಕೆ ಫೋನು ಮಾಡಿ ತಿಳಿಸಿದ. ಫೋನು ಎತ್ತಿದವನು ನಾನು. ಅವರ ಕೋಣೆಗೆ ಹೋಗಿ ಹೇಳಬೇಕಾದವನೂ ನಾನೇ. ಅವರು ಕೇಳಿ, "ಗೊತ್ತಾಯ್ತು," ಎಂದರು. ಕುರ್ಚಿಯಲ್ಲಿ ಕೂತೇ ಇದ್ದರು. ಗೋಷ್ಠಿಯಲ್ಲಿ ಅವನು ಕೇಳಿದ ಪ್ರಶ್ನೆ ನನ್ನ ನೆನಪಿಗೆ ಬಂದಂತೆ ಅವರ ನೆನಪಿಗೂ ಬಂದಿರಬೇಕು.

ಗುರುವಾರದ ಸೂಪು ನಿಂತಿತು. ಒಂದು ಇಡೀ ವರ್ಷ ಅವರು ಪಾಠಕ್ಕೆ ಬಂದು ಪಾಠ ಮುಗಿಸಿ ಹೋಗುತ್ತಿದ್ದರು, ಅಷ್ಟೇ. ಆಮೇಲೆ ಒಂದು ದಿನ ಪಾದ್ರಿ ಟೀಡೆಮನ್ ಅವರಿಗೆ ಫೋನು ಮಾಡಿ, ಸಮಿತಿಯ ಮುಂದೆ ಬರುವವರಿಗೆ ಪತ್ರ ಬರೆದುಕೊಡಲು ತಾವು ಸಿದ್ಧ ಎಂದರು. ಮೊದಲು ಬಂದವಳು ಜರೇಮಾ ಎಂಬ ಚೆಚನ್ಯದ ವಿಧವೆ. ಊರಿಗೆ ಒಗ್ಗಿದ್ದಾಳೆಂದು ಸಮಿತಿಗೆ ತೋರಿಸಲು ಚರ್ಚಿನ ಗಾಯನ ತಂಡಕ್ಕೆ ಅವಳನ್ನು ಸೇರಿಸಿದ್ದರು. ಕಾಲ್‌ವೈಟ್ ತಾವೇ ಹೋಗಿ ಅಭ್ಯಾಸ ಕೇಳಿಬಂದರು, ನನ್ನನ್ನೂ ಕರೆದುಕೊಂಡು ಹೋಗಿದ್ದರು.

"ಮೇಡಂ, ಆಕೆಗೆ ಸ್ವರವೇ ನಿಲ್ಲಲ್ಲ," ಎಂದೆ, ಹೊರಗೆ ಬಂದ ಮೇಲೆ.

"ತಂಡದ ಬೆನ್ನೆಲುಬು ಅಂತ ಬರೀತೀನಿ."

"ಹಾಡು ನಿರ್ದೇಶಕರು ನಗ್ತಾರೆ."

"ನಗ್ಲಿ. ಸಮಿತೀಲಿ ಯಾರೂ ಹಾಡಲ್ಲ."

ಜೀವಮಾನವಿಡೀ ಯಾರ ಬಗ್ಗೆಯೂ ಒಂದು ವಿಶೇಷಣವನ್ನು ಧಾರಾಳವಾಗಿ ಬಳಸದ ಹೆಂಗಸು ಮೂರು ಪುಟ ತುಂಬ ವಿಶೇಷಣ ಬರೆದರು. ಕೃತಜ್ಞತೆ ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಸಮಿತಿಯವರಿಗೆ ಅದು ಬಹಳ ಹಿಡಿಸುತ್ತದೆಂದು ಟೀಡೆಮನ್ ಹೇಳಿದ್ದರು. ಜರೇಮಾ ಇಂದು ನಮ್ಮ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳ ನಂತರ ಬಂದವರ ಸಾಲು ಉದ್ದವಿದೆ, ಅವರಲ್ಲಿ ಬಹುಮಂದಿ ಉಳಿದಿದ್ದಾರೆ. ಅವರ ಕೃತಿಗಳ ಪಟ್ಟಿಯಲ್ಲಿ ಯಾರೂ ಎಣಿಸದ ಈ ಪತ್ರಗಳೇ ಕಾಲ್‌ವೈಟ್ ಅವರ ಕೊನೆಯ ವರ್ಷಗಳ ನಿಜವಾದ ಬರವಣಿಗೆ ಎಂದು ನಾನು ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ.

ಏಕೆಂದರೆ ಅವರು ತಮ್ಮ ವಾದವನ್ನು ಎಂದೂ ಬಿಟ್ಟುಕೊಡಲಿಲ್ಲ. ನಿವೃತ್ತಿಯ ಉಪನ್ಯಾಸದ ದಿನ ದೊಡ್ಡ ಸಭಾಂಗಣ ತುಂಬಿತ್ತು. ವಿಶ್ವನಾಗರಿಕ ಹಕ್ಕಿನ ಮೂಲಗಳ ಬಗ್ಗೆ ಅವರು ಎಂದಿನ ಖಚಿತತೆಯಿಂದ ಮಾತಾಡಿ, ಕೊನೆಯಲ್ಲಿ ಕಾಗದ ಮಡಚಿಟ್ಟು ಹೀಗೆಂದರು: "ಹಕ್ಕು ಅನ್ನೋದು ಧನ್ಯವಾದ ಹೇಳ್ಬೇಕಾಗಿಲ್ಲದ್ದು ಅಂತ ನಾನು ನಿಮಗೆ ಇಷ್ಟು ವರ್ಷ ಹೇಳಿದೆ. ಅದು ಸರಿಯಾಗಿಯೇ ಇದೆ, ಒಂದಕ್ಷರ ಬದಲಾಯಿಸೋದಿಲ್ಲ. ಆ ಸರಿಯಾದ ಮಾತಿಗೆ ಹಶ್ಮತ್ ಅಂತ ಒಬ್ಬ ಹುಡುಗ ಪ್ರಾಣ ಕೊಟ್ಟ. ಬೆಲೆ ಕೊಡ್ಬೇಕಾಗಿದ್ದಿದ್ದು ನಾನು. ವಸೂಲಿ ಆಗಿದ್ದು ಅವನಿಂದ." ನಮ್ಮಲ್ಲಿ ಉಪನ್ಯಾಸ ಮುಗಿದಾಗ ಚಪ್ಪಾಳೆಯ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟುವುದು ವಾಡಿಕೆ. ಹೊಸ ವಿದ್ಯಾರ್ಥಿಯೊಬ್ಬ ಕುಟ್ಟಲು ಶುರುಮಾಡಿ ಸುತ್ತ ನೋಡಿ ನಿಲ್ಲಿಸಿದ. ಅವರು ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ನಾವು ಎದ್ದು ನಿಂತಿದ್ದೆವು.

ಇಂಥ ಲೇಖನದ ಕೊನೆಗೆ ಗೌರವಾನ್ವಿತರಿಗೆ ಆಯುರಾರೋಗ್ಯಗಳನ್ನೂ ಮುಂದುವರಿದ ಕೆಲಸವನ್ನೂ ಕೋರುವುದು ಸಂಪ್ರದಾಯ. ಆಯುಷ್ಯ ಉದ್ದವಾದಷ್ಟೂ ನೆನಪೂ ಉದ್ದವಾಗುತ್ತದೆಂದು ಬಲ್ಲ ನಾನು ಇದನ್ನು ಹಗುರವಾಗಿ ಕೋರುತ್ತಿಲ್ಲ. ಆದರೂ ಕೋರುತ್ತೇನೆ, ಏಕೆಂದರೆ ಕೆಲಸ ಮುಗಿದಿಲ್ಲ. ಮೊನ್ನೆ ಅವರು ಫೋನು ಮಾಡಿದ್ದರು. ಗಿನಿ ದೇಶದ ಒಬ್ಬನ ಪ್ರಕರಣ ಅವರ ಕೈಗೆ ಬಂದಿದೆ.

"ಪಾಪ್ಕೆ ಅವರೇ, ಎರಡು ಸಲ ಹೋಗಿ ನೋಡಿ ಬಂದೆ. ಕುಡೀತಾನೆ. ಜಗಳಗಂಟ. ಯಾವ ಕೆಲಸದಲ್ಲೂ ನಿಲ್ಲಲ್ಲ. ನಂಗೂ ಬಯ್ದು ಕಳಿಸ್ದ."

"ವಾಪಸು ಕಳಿಸಿದ್ರೆ?"

"ಕೊಲ್ತಾರೆ. ಅದರಲ್ಲಿ ಅನುಮಾನವೇ ಇಲ್ಲ."

"ಹಾಗಾದ್ರೆ ಏನು ಬರೀತೀರಿ?"

"ನಾಳೆ ಮತ್ತೆ ಹೋಗ್ತೀನಿ," ಎಂದು ಫೋನು ಇಟ್ಟರು.

ಪ್ರೊ. ರೋಸ್ವಿಥಾ ಕಾಲ್‌ವೈಟ್ ಅವರು ಬಹುಕಾಲ ಬಾಳಲಿ, ಕಣ್ಣು ಕೈ ಗಟ್ಟಿಯಾಗಿರಲಿ, ಬರೆಯುತ್ತಿರಲಿ. ಸಮಿತಿ ಮುಂದಿನ ತಿಂಗಳು ಕೂಡುತ್ತದೆ. ಆ ಮನುಷ್ಯನ ಬಗ್ಗೆ ಹೇಳಬಹುದಾದ ಒಂದು ಒಳ್ಳೆಯ ಮಾತು ಅವರಿಗೆ ಇನ್ನೂ ಸಿಕ್ಕಿಲ್ಲ.